ಮಾರ್ಥಾ ಮಟಿಲ್ಡಾ ಹಾರ್ಪರ್

ಮಾರ್ಥಾ ಮಟಿಲ್ಡಾ ಹಾರ್ಪರ್ (ಸೆಪ್ಟೆಂಬರ್ 10, 1857 – ಆಗಸ್ಟ್ 3, 1950) ಕೆನಡಾದಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಮಹಿಳಾ ಉದ್ಯಮಿ. ಕೇಶಾಲಂಕಾರ ಕ್ಷೇತ್ರದಲ್ಲಿ ಫ್ರಾಂಚೈಸಿ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಇವರು ಅಗ್ರಗಣ್ಯರು.

ಆರಂಭಿಕ ಜೀವನ

ಒಂಟಾರಿಯೊದ ಓಕ್‌ವಿಲ್‌ನ ಬಡ ಕುಟುಂಬದಲ್ಲಿ ಹುಟ್ಟಿದ ಹಾರ್ಪರ್ ಅವರನ್ನು ಏಳನೆಯ ವಯಸ್ಸಿನಲ್ಲಿಯೇ ಮನೆಗೆಲಸಕ್ಕೆ ಕಳುಹಿಸಲಾಯಿತು. ಸುಮಾರು 25 ವರ್ಷ ಅವರು ಪರರ ಮನೆಗಳಲ್ಲಿ ದುಡಿದರು. ಯಜಮಾನರಾಗಿದ್ದ ವೈದ್ಯರೊಬ್ಬರಿಂದ ಕೇಶ ಆರೈಕೆಯ ಔಷಧಿಯೊಂದನ್ನು ತಯಾರಿಸುವ ವಿಧಾನ ಅವರಿಗೆ ದೊರೆಯಿತು.

ಉದ್ಯಮ

ಕೂಡಿಟ್ಟ 360 ಡಾಲರ್ ಬಂಡವಾಳದಿಂದ 1888ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಪವರ್ಸ್ ಕಟ್ಟಡದಲ್ಲಿ ಸಲೂನ್ ತೆರೆದರು. ಸ್ಥಿತಿವಂತ ಸ್ತ್ರೀಯರು ಮನೆಯಲ್ಲಿಯೇ ಕೇಶಶೃಂಗಾರ ಮಾಡಿಸಿಕೊಳ್ಳುತ್ತಿದ್ದ ಕಾಲವದು. ಗಿರಾಕಿಗಳು ಸುಲಭವಾಗಿ ಬರಲಿಲ್ಲ. ಪಕ್ಕದಲ್ಲಿ ಸಂಗೀತಪಾಠಕ್ಕೆ ಮಕ್ಕಳನ್ನು ಕರೆತರುತ್ತಿದ್ದ ತಾಯಂದಿರನ್ನು, ಪಾಠ ಮುಗಿಯುವವರೆಗೆ ತಮ್ಮ ಸಲೂನಿನಲ್ಲಿ ಕುಳಿತಿರುವಂತೆ ಹಾರ್ಪರ್ ಆಹ್ವಾನಿಸಿದರು. ಗ್ರಾಹಕರು ದೊರೆತದ್ದು ಹೀಗೆ. ನೆಲ ಮುಟ್ಟುವಷ್ಟು ನೀಳವಾದ ಅವರ ಸ್ವಂತ ಕೂದಲೇ ಜಾಹೀರಾತೂ ಆಯಿತು. ತಲೆ ತೊಳೆಯುವಾಗ ಕಣ್ಣಿಗೆ ನೊರೆ ಹೋಗದಂತೆ ಹಿಂದಕ್ಕೆ ಒರಗುವ ಕುರ್ಚಿಯೊಂದನ್ನು ರೂಪಿಸಿದರಾದರೂ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ.

1891ರಿಂದ ವ್ಯವಹಾರ ಇತರ ನಗರಗಳಿಗೆ ಹಬ್ಬಿತು. ಈ ವಿಸ್ತರಣೆಗಿಂತಲೂ ಗಮನಾರ್ಹವಾದುದು ಅವರು ಆರಿಸಿಕೊಂಡ ಜನ. ತಮ್ಮಂತೆಯೇ ಮನೆಗೆಲಸ ಮಾಡಿದ್ದ, ದುಡಿದು ಬದುಕುವ ಮಹಿಳೆಯರಿಗೆ ತರಬೇತಿ ನೀಡಿ, ಸಲೂನುಗಳಿಗೆ ಅವರನ್ನೇ ಒಡತಿಯರನ್ನಾಗಿಸಿದರು. ಹೆಸರು, ಕೆಲಸದ ಕ್ರಮ ಮತ್ತು ಉತ್ಪನ್ನಗಳು ಮಾತ್ರ ಹಾರ್ಪರ್ ಅವರವು. ಉಚ್ಛ್ರಾಯ ಕಾಲದಲ್ಲಿ ಇಂತಹ ಸುಮಾರು 500 ಸಲೂನುಗಳಿದ್ದವು.

1920ರಲ್ಲಿ ತಮಗಿಂತ ಬಹಳ ಕಿರಿಯರಾದ ರಾಬರ್ಟ್ ಮ್ಯಾಕ್‌ಬೇನ್ ಅವರನ್ನು ವಿವಾಹವಾದರು. ಮುಂದೆ ಸಂಸ್ಥೆಯ ಆಡಳಿತವನ್ನು ಪತಿಗೆ ವಹಿಸಿ ನಿವೃತ್ತರಾದರು.