ತಕಿಟ ಎಂದರೆ ಕಡಲೆ

ಮಕ್ಕಳೇ, ಬಲಗೈಯನ್ನು ತೊಡೆಯ ಮೇಲಿಡಿ. ಅಂಗೈಯಿಂದ ಒಂದು ಪೆಟ್ಟು. ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು, ಒಂದೊಂದಾಗಿ ಎಣಿಸಿ. ನಾಲ್ಕಾಯಿತಲ್ಲ, ಇದು ಲಘು. ಮತ್ತೆ ಒಂದು ಪೆಟ್ಟು, ಅಂಗೈ ಮೇಲ್ಮುಖ ಮಾಡಿ ಒಂದು ಹುಸಿ: ಇದು ದ್ರುತ. ಇನ್ನೊಂದು ದ್ರುತ ಸೇರಿಸಿದರೆ ಎಂಟು. ಆದಿತಾಳ ಬಂದೇಬಿಟ್ಟಿತು!

ಈಗ ಬಾಯಿಗೂ ಕೆಲಸ. ಸ ರಿ ಗ ಮ ಲಘುವಿಗೆ, ಪ ದ ಒಂದು ದ್ರುತಕ್ಕೆ, ನಿ ಸ ಇನ್ನೊಂದಕ್ಕೆ. ಇಳಿಯುವಾಗಲೂ ಹಾಗೇ. ಇದೇ ಸರಳೆ ವರಸೆ. 16ನೆಯ ಶತಮಾನದಲ್ಲಿ ಹಂಪಿಯಲ್ಲಿದ್ದ ಪುರಂದರದಾಸರು ಹಾಕಿಕೊಟ್ಟ ಪಾಠವೆಂದು ಸಂಗೀತದವರು ನಂಬುತ್ತಾರೆ. ರಾಗ ಮಾಯಾಮಾಳವಗೌಳ. ಹೆಸರು ಕೇಳಿ ಹೆದರಬೇಡಿ. ಸ-ರಿ ಹತ್ತಿರ, ರಿ-ಗ ದೊಡ್ಡ ಜಿಗಿತ, ಗ-ಮ ಮತ್ತೆ ಹತ್ತಿರ. ಪ-ದ-ನಿ-ಸ ಕೂಡ ಹಾಗೆಯೇ. ಕೆಳಗಿನ ಮೆಟ್ಟಿಲು ಹತ್ತಿದವರಿಗೆ ಮೇಲಿನದು ಹೊಸದಲ್ಲ.

ಚಿಕ್ಕವಳಿದ್ದಾಗ ನನಗೆ ಎಡವಟ್ಟಾಗುತ್ತಿದ್ದುದು ಹುಸಿಯಲ್ಲಿ. ಶಬ್ದವಿಲ್ಲವಲ್ಲ, ಅವಸರದಲ್ಲಿ ನುಂಗಿಬಿಡುತ್ತಿದ್ದೆ. ಸಂಗೀತದ ಮೇಷ್ಟ್ರು ಎಲೆಯಡಿಕೆ ಪಕ್ಕಕ್ಕಿಟ್ಟು, "ಹುಸಿ ಅಂದ್ರೆ ಸುಳ್ಳಲ್ಲ ಕಣೇ, ಅಲ್ಲೂ ಕಾಲ ಓಡ್ತಿರುತ್ತೆ" ಅಂತ ಮತ್ತೆ ಮೊದಲಿಂದ ಹೇಳಿಸುತ್ತಿದ್ದರು. ಸಂಜೆ ಆಟಕ್ಕೆ ಹೋಗುವ ಹೊತ್ತು ಅಲ್ಲೇ ಕಳೆಯುತ್ತಿತ್ತು.

ಇನ್ನು ಜಾತಿಗಳು, ಅಂದರೆ ಒಂದೊಂದು ಗುಂಪಿನಲ್ಲಿ ಎಷ್ಟು ಅಕ್ಷರ ಎಂಬ ಲೆಕ್ಕ. ತಕಿಟ ಮೂರು, ತಿಶ್ರ. ತಕಧಿಮಿ ನಾಲ್ಕು, ಚತುರಶ್ರ. ತಕತಕಿಟ ಐದು, ಖಂಡ. ಮಿಶ್ರ ಏಳು, ಸಂಕೀರ್ಣ ಒಂಬತ್ತು. ನಮ್ಮ ಮನೆಯಲ್ಲಿ ಮಗಳಿಗೆ ಇದನ್ನು ತಿಂಡಿ ಡಬ್ಬದಿಂದ ಕಲಿಸಿದೆ. "ಕಡಲೆ" ಮೂರು. "ಗರಿಗರಿ" ನಾಲ್ಕು. "ಹುರಿಗಡಲೆ" ಐದು. "ಕಡಲೆ ಗರಿಗರಿ" ಏಳು. "ಗರಿಗರಿ ಹುರಿಗಡಲೆ" ಒಂಬತ್ತು! ಪ್ರತಿ ಅಕ್ಷರವನ್ನೂ ಒಂದೇ ಅಳತೆಯಲ್ಲಿ ಹೇಳಿ, ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ. "ಅವಲಕ್ಕಿ" ಬೇಡ, ಒತ್ತಕ್ಷರದ ಹಿಂದಿನ ಲ ಎರಡು ಮಾತ್ರೆ ಎಳೆದುಕೊಂಡು ಲೆಕ್ಕ ಕೆಡಿಸುತ್ತದೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕ್ಲಾಸು ದೂರ, ಫೀಜು ಜಾಸ್ತಿ, ವಾರಾಂತ್ಯವೆಲ್ಲ ಈಜು, ಫುಟ್‌ಬಾಲು. ನನಗೂ ಗೊತ್ತು. ಆದರೆ ತಾಳಕ್ಕೆ ವೀಣೆ ಬೇಡ, ಮೃದಂಗ ಬೇಡ. ಶಾಲೆಗೆ ಬಿಡುವ ಕಾರಿನಲ್ಲಿ ಹತ್ತು ನಿಮಿಷ ಸಾಕು. ಸ್ಟೀರಿಂಗ್ ಹಿಡಿದವರು ಬಾಯಲ್ಲಿ ಮಾತ್ರ ಹೇಳಿ, ದಯವಿಟ್ಟು. ಸರಳೆ ವರಸೆಗೆ ಮೂರು ಕಾಲ, ಅಂದರೆ ಮೂರು ವೇಗ: ಮೊದಲ ಕಾಲದಲ್ಲಿ ಎಣಿಕೆಗೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೂರನೆಯ ಕಾಲಕ್ಕೆ ಬಂದಾಗ ನನಗೆ ಈಗಲೂ ಎಣಿಕೆ ತಪ್ಪುತ್ತದೆ. ಹಿಂದಿನ ಸೀಟಿನಿಂದ ಮಗಳು ಕೂಗುತ್ತಾಳೆ: "ಅಮ್ಮಾ, ಹುಸಿ ನುಂಗಿದೆ!"