ಆಕಾಶದಿಂದ ತೆಂಗಿನ ರೋಗ ಕಂಡ ಮೇಷ್ಟ್ರು

ಭಾರತದ ದೂರಸಂವೇದಿ ವಿಜ್ಞಾನದ ಪಿತಾಮಹ ಎಂದು ಹೆಸರಾದವರು ಡಾ. ಪಿ. ಆರ್. ಪಿಷಾರಟಿ. ಅವರು ಹುಟ್ಟಿದ್ದು 1909ರ ಫೆಬ್ರವರಿ 10ರಂದು, ಕೇರಳದ ಪಾಲಕ್ಕಾಡ್ ಸೀಮೆಯ ಕೊಲ್ಲಂಗೋಡಿನಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದರು. ರಜೆ ಬಂತೆಂದರೆ ಬೆಂಗಳೂರಿಗೆ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆಯ ಪಾಠ ಕಲಿಯುತ್ತಿದ್ದರು. ಪಾಠ ಹೇಳುತ್ತಲೇ ಪಾಠ ಕಲಿತವರು ಅವರು.

1942ರಲ್ಲಿ ಹವಾಮಾನ ಇಲಾಖೆ ಸೇರಿದರು. ಮುಂದೆ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಡಾಕ್ಟರೇಟ್ ಪಡೆದರು. 1962ರಲ್ಲಿ ಪುಣೆಯಲ್ಲಿ ಉಷ್ಣವಲಯದ ಹವಾಮಾನ ಸಂಸ್ಥೆ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದರು. 1967ರಲ್ಲಿ ನಿವೃತ್ತಿಯಾಯಿತು. ಆದರೆ ಅವರ ಹೆಸರು ಇಂದಿಗೂ ಉಳಿದಿರುವುದು ಆ ನಂತರ ಮಾಡಿದ ಕೆಲಸದಿಂದ.

ವಿಕ್ರಮ್ ಸಾರಾಭಾಯಿ ಅವರು ಪಿಷಾರಟಿಯವರನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಕ್ಕೆ ಕರೆಸಿಕೊಂಡರು. ಭೂಮಿಯನ್ನು ಮೇಲಿನಿಂದ ನೋಡಿ ಬೆಳೆ, ಕಾಡು, ನೀರಿನ ಸ್ಥಿತಿ ತಿಳಿಯುವ ವಿದ್ಯೆ ಆಗ ನಮ್ಮಲ್ಲಿ ಇರಲಿಲ್ಲ. ಅದನ್ನು ಎಲ್ಲಿಂದ ಆರಂಭಿಸುವುದು? ಪಿಷಾರಟಿಯವರು ತಮ್ಮ ನಾಡಿನ ತೆಂಗಿನ ತೋಟವನ್ನು ಆರಿಸಿಕೊಂಡರು. ಬೇರು ಸೊರಗು ರೋಗ ತಗುಲಿದ ಮರ ಒಮ್ಮೆಲೇ ಸಾಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಸೊರಗುತ್ತಾ, ಫಸಲು ಕಡಿಮೆ ಮಾಡುತ್ತಾ, ತೋಟವನ್ನೇ ನಂಬಿದ ಸಂಸಾರವನ್ನು ಬರಿಗೈ ಮಾಡುತ್ತದೆ. ಹಬ್ಬಿದ ರೋಗವನ್ನು ಮರದಿಂದ ಮರಕ್ಕೆ ನಡೆದು ಗುರುತಿಸುವುದು ಸುಲಭವಲ್ಲ.

1970ರಲ್ಲಿ ಹೆಲಿಕಾಪ್ಟರಿನಿಂದ ಅವಗೆಂಪು ಫಿಲ್ಮ್ ಬಳಸಿ ತೋಟಗಳ ಚಿತ್ರ ತೆಗೆಯಲಾಯಿತು. ಆರೋಗ್ಯವಂತ ಗರಿ ಅವಗೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ, ಚಿತ್ರದಲ್ಲಿ ಗಾಢ ಕೆಂಪಾಗಿ ಕಾಣುತ್ತದೆ. ರೋಗ ಬಿದ್ದ ಗರಿ ಮಂಕಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಎರಡೂ ಹಸಿರೇ, ಫಿಲ್ಮಿಗೆ ಬೇರೆ ಬೇರೆ. ಭಾರತದಲ್ಲಿ ದೂರಸಂವೇದಿಗೆ ನಾಂದಿಯಾದ ಪ್ರಯೋಗ ಇದೇ.

ಅಲ್ಲಿಂದ ಮುಂದೆ ಹೆಲಿಕಾಪ್ಟರಿನ ಕೆಲಸವನ್ನು ಉಪಗ್ರಹಗಳು ವಹಿಸಿಕೊಂಡವು. 1979ರಲ್ಲಿ ಭಾಸ್ಕರ, 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಕಕ್ಷೆ ಸೇರಿದವು. ಈ ವಿದ್ಯೆ ಸರ್ಕಾರದ ಕಣ್ಣನ್ನೂ ತೆರೆಸಿತು. ದೇಶದ ಸುಮಾರು ಶೇ. 23 ಭಾಗ ಅರಣ್ಯ ಎಂದು ಕಡತಗಳು ಹೇಳುತ್ತಿದ್ದವು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದಾಗ, ನಿಜವಾಗಿ ಮರಗಳಿದ್ದ ಭಾಗ 1972-75ರಲ್ಲಿ ಸುಮಾರು ಶೇ. 17, 1980-82ರಲ್ಲಿ ಸುಮಾರು ಶೇ. 14 ಎಂದು ತಿಳಿಯಿತು. ಕಡತದಲ್ಲಿದ್ದ ಕಾಡು ನೆಲದ ಮೇಲೆ ಇರಲಿಲ್ಲ. ಈಗ ಭಾರತೀಯ ಅರಣ್ಯ ಸರ್ವೇಕ್ಷಣೆ ಎರಡು ವರ್ಷಕ್ಕೊಮ್ಮೆ ಎಂಬಂತೆ ಉಪಗ್ರಹ ಚಿತ್ರಗಳ ಆಧಾರದ ಮೇಲೆ ವರದಿ ಕೊಡುತ್ತದೆ.

1970ರಲ್ಲಿ ಪದ್ಮಶ್ರೀ, 1989ರಲ್ಲಿ ವಿಶ್ವ ಹವಾಮಾನ ಸಂಸ್ಥೆಯ ಪ್ರಶಸ್ತಿ ಅವರಿಗೆ ಸಂದವು. 2002ರ ಸೆಪ್ಟೆಂಬರ್ 24ರಂದು, 93ನೆಯ ವಯಸ್ಸಿನಲ್ಲಿ ಪಿಷಾರಟಿಯವರು ತೀರಿಕೊಂಡರು.

ನಮ್ಮ ಶಾಲೆಯ ಮಕ್ಕಳು ಅವರಿಂದ ಕಲಿಯಬೇಕಾದುದು ಇಷ್ಟು: ಎಷ್ಟೇ ಎತ್ತರಕ್ಕೆ ಏರಿದರೂ ನೋಟ ನೆಲದ ಮೇಲಿರಲಿ. ಕಲಿತ ವಿದ್ಯೆ ಊರಿನ ಒಂದು ಮರವನ್ನಾದರೂ ಉಳಿಸಲಿ.