ಹೋಮಿ ಭಾಭಾ ಮತ್ತು ನಮ್ಮ ಕೋಲಾರದ ಗಣಿ

ಡಾ. ಹೋಮಿ ಜಹಾಂಗೀರ್ ಭಾಭಾ ಅವರ ಹೆಸರನ್ನು ಈ ಶಾಲೆಯಲ್ಲಿ ಕಲಿತ ನಾವೆಲ್ಲ ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆದವರೇ. ಅವರಿಗೂ ನಮ್ಮ ಜಿಲ್ಲೆಗೂ ನಂಟಿತ್ತೆಂಬುದು ನನಗೆ ಗೊತ್ತಾದದ್ದು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈನ ಅನುಕೂಲಸ್ಥ ಪಾರ್ಸಿ ಮನೆಯಲ್ಲಿ. ಮಗ ಎಂಜಿನಿಯರ್ ಆಗಲಿ ಎಂಬುದು ತಂದೆಯ ಆಸೆ (ಆ ಕಾಲದಲ್ಲೂ!). ಕೇಂಬ್ರಿಡ್ಜ್‌ನಲ್ಲಿ ಮೆಕ್ಯಾನಿಕಲ್ ಪಾಸು ಮಾಡಿ ತಂದೆಯ ಮಾತು ಉಳಿಸಿ, ಆಮೇಲೆ ತಮಗಿಷ್ಟವಾದ ಭೌತವಿಜ್ಞಾನಕ್ಕೆ ತಿರುಗಿದರು. 1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಮಹಾಯುದ್ಧ ಶುರುವಾಗಿ ಇಲ್ಲೇ ಉಳಿದರು. ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಸೇರಿ ವಿಶ್ವಕಿರಣಗಳ ಅಧ್ಯಯನ ನಡೆಸಿದರು. 1945ರಲ್ಲಿ ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲು ಬಾಗಿಲು ತೆರೆದದ್ದೂ ಬೆಂಗಳೂರಿನಲ್ಲೇ. ಮುಂಬೈಗೆ ಹೋದದ್ದು ಆಮೇಲೆ. ಆ ಸಂಸ್ಥೆಯವರು 1950ರ ದಶಕದಲ್ಲಿ ಕೆಜಿಎಫ್ ಗಣಿಯೊಳಗೆ ಇಳಿದು, ವಿಶ್ವಕಿರಣಗಳು ಎಷ್ಟು ಆಳಕ್ಕೆ ಬರುತ್ತವೆಂದು ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು.

1948ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದ ಭಾಭಾ, 1954ರಲ್ಲಿ ಮೂರು ಹಂತದ ಯೋಜನೆಯೊಂದನ್ನು ಮುಂದಿಟ್ಟರು. ಅದನ್ನು ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನಾವೆಲ್ಲ ನೋಡಿದ್ದೇವೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು, ಆದರೆ ಅದರಲ್ಲಿ ಇನ್ನೂ ಸ್ವಲ್ಪ ಚಿನ್ನವಿದೆ. ಅಣುಸ್ಥಾವರದಲ್ಲಿ ಉರಿದು ಹೊರಬಂದ ಇಂಧನವೂ ಹಾಗೆಯೇ. ನಿಸರ್ಗದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಭಾಗ ಶೇ. 0.7 ಮಾತ್ರ. ಉಳಿದದ್ದರಲ್ಲಿ ಸ್ವಲ್ಪ ಭಾಗ ರಿಯಾಕ್ಟರಿನೊಳಗೇ ಪ್ಲುಟೋನಿಯಂ ಆಗುತ್ತದೆ. ಬಳಸಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ ಆ ಪ್ಲುಟೋನಿಯಂ ತೆಗೆದು ಎರಡನೇ ಹಂತಕ್ಕೆ ಕೊಡಬೇಕು. ಮೂರನೆಯದರಲ್ಲಿ ಕೇರಳ, ತಮಿಳುನಾಡಿನ ಕಡಲತೀರದ ಮರಳಿನ ಥೋರಿಯಂ ಬಳಸಬೇಕು. ಯುರೇನಿಯಂ ಕಡಿಮೆ, ಥೋರಿಯಂ ಧಾರಾಳ ಇರುವ ದೇಶಕ್ಕೆ ಇದೇ ದಾರಿ ಎಂಬುದು ಅವರ ಲೆಕ್ಕ. ಅಮೆರಿಕ ಬಳಸಿದ ಇಂಧನವನ್ನು ಹಾಗೆಯೇ ಹೂಳುವ ದಾರಿ ಹಿಡಿಯಿತು, ನಾವು ಹಿಡಿಯಲಿಲ್ಲ. 1964ರಲ್ಲೇ ಟ್ರಾಂಬೆಯಲ್ಲಿ ಪ್ಲುಟೋನಿಯಂ ಬೇರ್ಪಡಿಸುವ ಘಟಕ ಕೆಲಸ ಆರಂಭಿಸಿತು. 1974ರ ಪೋಖ್ರಾನ್ ಸ್ಫೋಟಕ್ಕೂ ಪ್ಲುಟೋನಿಯಂ ಬಂದದ್ದು ಟ್ರಾಂಬೆಯಿಂದಲೇ ಎಂಬುದನ್ನು ಮರೆಯಬಾರದು.

ಅದನ್ನು ನೋಡಲು ಭಾಭಾ ಇರಲಿಲ್ಲ. 1966ರ ಜನವರಿ 24ರಂದು ಅವರಿದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ವಯಸ್ಸು 56. ಸಂಗೀತ, ಚಿತ್ರಕಲೆ, ಗಿಡಮರಗಳೆಂದರೆ ಪ್ರಾಣವಾಗಿದ್ದ ಮನುಷ್ಯ, ಮದುವೆಯಾಗಿರಲಿಲ್ಲ.

ಅವರ ಲೆಕ್ಕ ನನಗೆ ಒಪ್ಪಿಗೆ. ಆದರೆ ಎಷ್ಟು ಸಲ ಸಂಸ್ಕರಿಸಿದರೂ ಕೊನೆಗೊಂದು ದಿಬ್ಬ ಉಳಿಯುತ್ತದೆ, ಗಾಳಿಗಾಲದಲ್ಲಿ ಅದರ ಧೂಳು ಯಾರ ಮನೆಗೆ ನುಗ್ಗುತ್ತದೆಂದು ಕೆಜಿಎಫ್ ಜನರಿಗೆ ಗೊತ್ತು. ಅಣುಇಂಧನದಲ್ಲಿ ಕೊನೆಗೆ ಉಳಿಯುವ ತೀವ್ರ ವಿಕಿರಣದ ದ್ರವವನ್ನು ನಮ್ಮಲ್ಲಿ ಗಾಜಿನೊಂದಿಗೆ ಕರಗಿಸಿ, ಉಕ್ಕಿನ ಡಬ್ಬಿಗಳಲ್ಲಿ ತುಂಬಿ, ದಶಕಗಟ್ಟಲೆ ತಂಪಾಗಲು ಇಡುತ್ತಾರೆ. ಅದರ ಸೀಸಿಯಂ ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ಕೆಲವು ಧಾತುಗಳಿಗೆ ಸಾವಿರಾರು ವರ್ಷ. ಆಮೇಲೆ ಆಳದ ಬಂಡೆಯಲ್ಲಿ ಇಡಬೇಕೆಂಬುದು ನೀತಿ.

ಯಾವ ಬಂಡೆ? ಭಾಭಾ ಹೋದ ಎಷ್ಟೋ ವರ್ಷಗಳ ನಂತರ ಅಣುಶಕ್ತಿ ವಿಜ್ಞಾನಿಗಳು ಮತ್ತೆ ನಮ್ಮ ಗಣಿಗೆ ಇಳಿದರು. ಸುಮಾರು 1000 ಮೀಟರ್ ಆಳದಲ್ಲಿ, ಕೆಲಸ ನಿಲ್ಲಿಸಿದ್ದ ಭಾಗವೊಂದರಲ್ಲಿ ವಿದ್ಯುತ್ ಹೀಟರ್ ಇಟ್ಟು, ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂದು ಪರೀಕ್ಷಿಸಿದರು. ತ್ಯಾಜ್ಯವನ್ನೇನೂ ಇಡಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. 2012ರಲ್ಲಿ ಕೂಡಂಕುಳಂ ಮೊಕದ್ದಮೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಕೋಲಾರದ ಹೆಸರು ಬಂದಾಗ ಜನ ಬೀದಿಗಿಳಿದರು. ಇಲ್ಲಿಗೆ ತ್ಯಾಜ್ಯ ತರುವುದಿಲ್ಲವೆಂದು ಕೇಂದ್ರ ಸರ್ಕಾರ ಹೇಳಿತು. ನಮಗೆಲ್ಲ ಆಗ ಸಮಾಧಾನವಾಯಿತು. ಬೇಡವೆಂದ ಮೇಲೆ ಅದು ಎಲ್ಲಿಗೆ ಹೋಗಬೇಕೆಂದು ಮಾತ್ರ ನಮ್ಮಲ್ಲಿ ಹೆಚ್ಚು ಜನ ಕೇಳಲಿಲ್ಲ.

ಗಾಜಿನ ಡಬ್ಬಿಗಳು ತಾರಾಪುರದ ಉಗ್ರಾಣದಂಥ ಕಡೆ ಇನ್ನೂ ತಣಿಯುತ್ತಿವೆ.